ಕುರೊತಾನಿ ಗಣಿಯ ಗಾಳಿಪೆಟ್ಟಿಗೆಯನ್ನು ಬಿಚ್ಚಬಾರದೆಂಬುದರ ಬಗ್ಗೆ

ಹೆಸರು ಓಶಿನೊ, ವಯಸ್ಸು ಮೂವತ್ತನಾಲ್ಕು. ಗಂಡ ತೊಮೆಕಿಚಿ, ಬೆಳ್ಳಿ ಗಣಿಯಲ್ಲಿ ಬಂಡೆ ಕಡಿಯುವವನು. ವಾಸ ಹೊಕಿ ಸೀಮೆ, ಕುರೊತಾನಿ ಬೆಟ್ಟದ ಕೆಳಕೇರಿ, ಅಕ್ಕಿಹೆಂಡದ ಅಂಗಡಿಯ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು. ಕಸುಬು ಗಣಿಯ ಬಾಯಿಯಲ್ಲಿ ಗಾಳಿಪೆಟ್ಟಿಗೆ ತಿರುಗಿಸುವುದು. ಇಂದು ಬೆಳಿಗ್ಗೆ ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಆದ್ದರಿಂದ ಕಸುಬು ಇಲ್ಲ ಎಂದು ಬರೆದುಕೊಂಡರೂ ನನ್ನದೇನೂ ತಕರಾರಿಲ್ಲ. ಗಣಿ ಕಚೇರಿಯ ಅಧಿಕಾರಿ ಉಸಾಮಿ ಮೊಂಜಿರೊ ಅವರ ಎದುರಿನಲ್ಲಿ, ಗುಮಾಸ್ತ ಹಯಾಮಿ ಅವರ ಕೈಯಲ್ಲಿ ನಾನು ಬರೆಸುತ್ತಿರುವ ಸಂಗತಿ ಹೀಗಿದೆ.

ಈ ಹೇಳಿಕೆಯನ್ನು ಕಚೇರಿಯ ಅಂಗಳದಲ್ಲಿ ಮಂಡಿಯೂರಿ ಕುಳಿತು ಕೊಡಬೇಕಾಗಿತ್ತು. ಅಂಗಳಕ್ಕೆ ಹೋದರೆ ಪೆಟ್ಟಿಗೆ ನಿಲ್ಲುತ್ತದೆ. ಇಲ್ಲಿಯೇ ಮಂಡಿಯೂರಿದರೆ ಹಿಡಿಕೆ ಎಟುಕುವುದಿಲ್ಲ. ಆದ್ದರಿಂದ ಗಣಿಯ ಬಾಯಿಯಲ್ಲಿ ನಿಂತುಕೊಂಡು, ತಿರುಗಿಸುತ್ತಲೇ ಹೇಳುತ್ತಿದ್ದೇನೆ. ಅಧಿಕಾರಿಗಳ ಮುಂದೆ ನಿಂತು ಮಾತಾಡಿದ್ದಕ್ಕೆ ಕ್ಷಮೆ ಇರಲಿ.

ಕಚೇರಿಯ ಬಾಗಿಲಲ್ಲಿ ನೆಟ್ಟಿರುವ ಹಲಗೆಯ ಮೇಲೆ, ಅಹವಾಲು ಹೇಳಿಕೊಳ್ಳುವವರ ಮಾತು ಮುಗಿಯುವ ತನಕ ಅವರ ಮೈಮುಟ್ಟಬಾರದು, ಇದ್ದ ಜಾಗದಿಂದ ಎಬ್ಬಿಸಬಾರದು ಎಂದು ಬರೆದಿದೆ. ನನಗೆ ಓದಲು ಬಾರದು, ಓದಬಲ್ಲವರು ಹೇಳಿದ್ದಾರೆ. ನನ್ನ ಮಾತು ಮುಗಿದ ಕೂಡಲೆ ಈ ಪೆಟ್ಟಿಗೆಯನ್ನು ಬಿಚ್ಚಿ ಮೇಲಿನ ಗಣಿಗೆ ಹೊತ್ತೊಯ್ಯಲು ನಾಲ್ಕು ಜನ ಹಗ್ಗ, ಬೊಂಬು ಹಿಡಿದು ನನ್ನ ಬೆನ್ನ ಹಿಂದೆ ಕಾದಿದ್ದಾರೆ. ಪೆಟ್ಟಿಗೆ ನಿಂತರೆ ಒಳಗೆ ಸಿಕ್ಕಿಬಿದ್ದಿರುವ ಐದು ಜನರಿಗೆ ಗಾಳಿ ಇರುವುದಿಲ್ಲ. ಐವರಲ್ಲಿ ಒಬ್ಬ ನನ್ನ ಗಂಡ. ಆದ್ದರಿಂದ ನನ್ನ ಮಾತು ಉದ್ದವಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಆಮೇಲೆ ಹೆಂಗಸು ಮೋಸ ಮಾಡಿದಳು ಎನ್ನಬಾರದು.

ಇದನ್ನು ಕೇಳಿ ಉಸಾಮಿಯವರು, "ಅಲ್ಲಮ್ಮಾ, ಸುತ್ತಿ ಬಳಸಿ ಹೇಳಿದ್ರೆ ನಾವೇನು ಇಲ್ಲೇ ಬಿಡಾರ ಹೂಡ್ಬೇಕಾ? ಮಳೆ ಬೇರೆ ಮತ್ತೆ ಬರೋ ಹಾಗಿದೆ" ಎಂದರು. ಮಳೆ ಬಂದರೆ ಅವರ ಹತ್ತಿರ ಎಣ್ಣೆಕಾಗದದ ಛತ್ರಿ ಇದೆ ಎಂದು ನಾನು ತಿಳಿಸಿದೆ. ಯಾರು ಏನು ಆಡಿದರೋ ಅದನ್ನು ಆಡಿದ ಹಾಗೆಯೇ ಬರೆಯಬೇಕೆಂದು ಹಯಾಮಿಯವರನ್ನು ಕೇಳಿಕೊಂಡಿದ್ದೇನೆ. ಅವರು ಬರೆಯುತ್ತಿದ್ದಾರೆ.

ನಾನು ಹುಟ್ಟಿದ್ದು ಬೆಟ್ಟದ ಕೆಳಗಿನ ಭತ್ತದ ಊರಿನಲ್ಲಿ. ಹದಿನೇಳಕ್ಕೆ ಮೊದಲ ಮದುವೆಯಾಗಿ ಕುರೊತಾನಿಗೆ ಬಂದೆ. ಮೊದಲನೆಯ ಗಂಡ ತನ್ನ ಇಪ್ಪತ್ತಾರನೆಯ ವಯಸ್ಸಿಗೆ ಎದೆ ಕಟ್ಟಿ ಸತ್ತ. ಎರಡನೆಯವನು ಇಪ್ಪತ್ತೆಂಟಕ್ಕೆ ಹಾಗೆಯೇ ಸತ್ತ. ಕಲ್ಲಿನ ಧೂಳು, ದೀಪದ ಹೊಗೆ, ಒಳಗೆ ನಿಂತ ಗಾಳಿ. ಈ ಬೆಟ್ಟದಲ್ಲಿ ಎಲ್ಲ ಗಂಡಸರೂ ಸಾಯುವುದು ಹೀಗೆಯೇ, ಎಲ್ಲ ಹೆಂಗಸರೂ ಮತ್ತೆ ಮದುವೆಯಾಗುವುದು ಹೀಗೆಯೇ. ಆದರೂ ಕೇರಿಯಲ್ಲಿ ಕೆಲವರು ನನ್ನನ್ನು ಎರಡು ಗಂಡಂದಿರನ್ನು ತಿಂದವಳು ಎನ್ನುತ್ತಾರೆ. ಬೆಟ್ಟ ತಿಂದದ್ದನ್ನು ನನ್ನ ತಲೆಗೆ ಕಟ್ಟುವುದು ಅನ್ಯಾಯ. ಇದು ಇಂದಿನ ಅಹವಾಲಿಗೆ ಸಂಬಂಧಿಸಿದ್ದಲ್ಲ ಎಂದು ಉಸಾಮಿಯವರು ಹೇಳಿದರು. ಸಂಬಂಧವಿದೆ. ಮೂರನೆಯವನನ್ನೂ ತಿಂದಳು ಎಂದು ನಾಳೆ ಹೇಳುವವರಿದ್ದಾರೆ.

ತೊಮೆಕಿಚಿಯನ್ನು ಮದುವೆಯಾಗಿ ಆರು ವರ್ಷವಾಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಈ ತಿಂಗಳಿಗೆ ಅವನಿಗೆ ಮೂವತ್ತು ತುಂಬಿತು. ಬೇರೆ ಊರುಗಳಲ್ಲಿ ಅರವತ್ತಕ್ಕೆ ಮಾಡುವ ಮುಪ್ಪಿನ ಹಬ್ಬವನ್ನು ನಮ್ಮ ಬೆಟ್ಟದಲ್ಲಿ ಗಣಿಯವನಿಗೆ ಮೂವತ್ತಕ್ಕೇ ಮಾಡುತ್ತೇವೆ. ಕೆಂಪು ಅನ್ನ, ತಲೆ ಬಾಲ ಸಮೇತ ಸುಟ್ಟ ಒಂದು ಇಡೀ ಮೀನು. ಹದಿನೈದನೆಯ ದಿನಕ್ಕೆ ಮೀನು ಹೇಳಿಟ್ಟಿದ್ದೆ. ಅವನು ಕೇರಿಯ ತುಂಬ ಸೊಂಟ ಬಗ್ಗಿಸಿ ನಡೆಯುತ್ತ, "ನಾನು ಮುದುಕ ಆದೆ ಕಣ್ರೋ, ದಾರಿ ಬಿಡ್ರೋ" ಎಂದು ಎಲ್ಲರನ್ನೂ ನಗಿಸಿದ. ಹದಿನಾಲ್ಕರಂದು ಕೆಲಸಕ್ಕೆ ಹೋಗಬೇಡ, ಒಂದು ದಿನ ಮುಂಚೆ ಸುಧಾರಿಸಿಕೋ ಎಂದು ನಾನು ಹೇಳಿದ್ದೆ. ಮುದುಕರಿಗೆ ಮನೆಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆ ಎಂದು ಹೇಳಿ ಹೋದ.

ಈಗ ಪೆಟ್ಟಿಗೆಯ ವಿಷಯ. ಕೆಳಗಿನ ಊರುಗಳಲ್ಲಿ ರೈತರು ಭತ್ತ ತೂರಲು ಇಟ್ಟುಕೊಳ್ಳುವ ಪೆಟ್ಟಿಗೆಯೇ ಇದು. ಒಳಗೆ ಮರದ ನಾಲ್ಕು ರೆಕ್ಕೆಯ ಚಕ್ರ, ಹೊರಗೆ ಹಿಡಿಕೆ. ರೈತರು ಮೇಲಿನಿಂದ ಭತ್ತ ಸುರಿಯುತ್ತಾರೆ, ಹೊಟ್ಟು ಹಾರುತ್ತದೆ, ಕಾಳು ಬೀಳುತ್ತದೆ. ಗಣಿಯಲ್ಲಿ ಭತ್ತ ಸುರಿಯುವ ಬಾಯಿಗೆ ಹಲಗೆ ಹೊಡೆದು, ಗಾಳಿ ಬರುವ ಬಾಯಿಗೆ ಬಿದಿರ ಕೊಳವೆ ಜೋಡಿಸಿದ್ದಾರೆ. ಗೆಣ್ಣು ಒಡೆದ ಬಿದಿರುಗಳನ್ನು ಒಂದಕ್ಕೊಂದು ಸೇರಿಸಿ, ಸಂದಿಗೆ ಕಾಗದ ಸುತ್ತಿ ಅಂಟು ಬಳಿದಿದೆ. ಕೊಳವೆ ಇಲ್ಲಿಂದ ಎಪ್ಪತ್ತು ಮಾರು ಒಳಗೆ, ಸುರಂಗದ ಮೂರನೆಯ ಕವಲಿನ ತುದಿಯವರೆಗೆ ಹೋಗುತ್ತದೆ. ನೀರು ಹೊರಗೆ ಬರುವ ಕಾಲುವೆಯಲ್ಲಿ, ಕಲ್ಲುಚಪ್ಪಡಿಯ ಅಡಿಯಲ್ಲಿ ಅದನ್ನು ಮಲಗಿಸಿದ್ದಾರೆ. ಪೆಟ್ಟಿಗೆ ಬರುವ ಮುಂಚೆ ಆ ತುದಿಯಲ್ಲಿ ದೀಪವೇ ಉರಿಯುತ್ತಿರಲಿಲ್ಲ.

ಗಣಿಯ ಬಾಯಿಗೆ ಹುಲ್ಲಿನ ಹಗ್ಗ ಕಟ್ಟಿದೆ. ಅದರ ಆಚೆ ಹೆಂಗಸರು ಕಾಲಿಡುವಂತಿಲ್ಲ. ಬೆಟ್ಟದ ದೇವಿಗೆ ಹೆಂಗಸರನ್ನು ಕಂಡರೆ ಹೊಟ್ಟೆಕಿಚ್ಚು, ಬಂಡೆ ಉರುಳಿಸುತ್ತಾಳೆ ಎನ್ನುತ್ತಾರೆ. ನಾಲ್ಕು ವರ್ಷದಿಂದ ಈ ಪೆಟ್ಟಿಗೆ ತಿರುಗಿಸುತ್ತಿದ್ದೇನೆ. ಒಂದು ದಿನವೂ ಹಗ್ಗ ದಾಟಿಲ್ಲ. ನನ್ನ ಗಂಡ ಕೆಲಸ ಮಾಡುವ ಜಾಗ ಹೇಗಿದೆ ಎಂದು ನಾನು ಕಂಡವಳಲ್ಲ.

ಹದಿನಾಲ್ಕನೆಯ ದಿನ, ಮಠದಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿ ಸ್ವಲ್ಪ ಹೊತ್ತಾಗಿತ್ತು. ಎಡಗೈಯಲ್ಲಿ ತಿರುಗಿಸುತ್ತಿದ್ದೆ. ಸದ್ದಿಗೆ ಮೊದಲೇ ಗಾಳಿ ಬಂತು. ನಾನು ಒಳಗೆ ಕಳಿಸುತ್ತಿದ್ದ ಗಾಳಿ ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿ, ಚಕ್ರ ಉಲ್ಟಾ ತಿರುಗಿ, ಹಿಡಿಕೆ ನನ್ನ ಮಣಿಕಟ್ಟಿಗೆ ಹೊಡೆಯಿತು. ಆಮೇಲೆ ಸದ್ದು. ಆಮೇಲೆ ಧೂಳು. ಅದಿರು ಹೊರುವವರು ಕೆಮ್ಮುತ್ತ ಓಡಿ ಬಂದರು. ಮೂರನೆಯ ಕವಲಿನ ಬಾಯಿಯಲ್ಲಿ ಸೂರು ಕುಸಿದಿದೆ, ತುದಿಯಲ್ಲಿ ಐದು ಜನ ಇದ್ದಾರೆ ಎಂದರು. ಐವರು ಯಾರೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಎಡಗೈ ಆಡುತ್ತಿರಲಿಲ್ಲ, ಬಲಗೈಗೆ ಹಿಡಿಕೆ ಬದಲಾಯಿಸಿದೆ. ಮೊದಲು ಚಕ್ರ ಬಿಗಿಯಾಗಿತ್ತು, ಆಮೇಲೆ ತಿರುಗಿತು. ಗಾಳಿ ಹೋಗುತ್ತಿತ್ತು. ಚಪ್ಪಡಿಯ ಅಡಿಯಲ್ಲಿದ್ದುದರಿಂದ ಕೊಳವೆ ಉಳಿದುಕೊಂಡಿತ್ತು.

ಮೇಸ್ತ್ರಿ ಗೆನ್‌ಪಾಚಿ ಹನ್ನೆರಡು ಜನರನ್ನು ಕಟ್ಟಿಕೊಂಡು ಕುಸಿದ ಕಲ್ಲು ತೆಗೆಯಲು ಹೋದ. ಸಂಜೆಯ ಹೊತ್ತಿಗೆ ಹೊರಗೆ ಬಂದು ನನ್ನ ಪಕ್ಕ ನಿಂತು ನೀರು ಕುಡಿದ. "ಬದುಕವ್ರೆ ಕಣಕ್ಕ. ಸುತ್ತಿಗೆ ತಗಂಡು ಬಂಡೆ ಮ್ಯಾಲೆ ಬಡಿದ್ವಿ. ಅತ್ಲಾಗಿಂದ್ಲೂ ಬಡಿದ್ರು" ಎಂದ. ಎಷ್ಟು ಕಲ್ಲಿದೆ ಎಂದು ಕೇಳಿದೆ. ಏಳು ಮಾರು ಇರಬಹುದು ಎಂದ. ಅದನ್ನು ತೆಗೆಯಲು ಎಷ್ಟು ದಿನ ಬೇಕೆಂದು ನಾನು ಎಣಿಸಲು ಹೋಗಲಿಲ್ಲ. ಗಾಳಿ ನಿಲ್ಲಿಸಬೇಡ ಅಂದ, ಅದನ್ನು ಅವನು ಹೇಳಬೇಕಾಗಿರಲಿಲ್ಲ.

ಅಂದಿನಿಂದ ನಾನೂ ಅದಿರು ಆರಿಸುವ ಓಕಾನೆ ಅಜ್ಜಿಯೂ ಇನ್ನಿಬ್ಬರು ಹೆಂಗಸರೂ ಸರದಿಯ ಮೇಲೆ ತಿರುಗಿಸಿದೆವು. ಒಬ್ಬಳು ತಿರುಗಿಸುವಾಗ ಇನ್ನೊಬ್ಬಳು ಅಲ್ಲೇ ಚಾಪೆಯ ಮೇಲೆ ಮಲಗುತ್ತಿದ್ದಳು. ಓಕಾನೆ ಅಜ್ಜಿಗೆ ಅರವತ್ತು ದಾಟಿದೆ. ತಿರುಗಿಸುವಾಗ ಪೆಟ್ಟಿಗೆಗೆ ಬೈಯುತ್ತಾಳೆ, "ತಿರುಗು ಮುಂಡೇದೇ, ನಿನ್ನ ಅಮ್ಮನ ಮನೆಗೆ ಹೋಗ್ತೀಯಾ, ತಿರುಗು" ಎಂದು. ಬೈದರೆ ಅವಳ ಕೈಗೆ ಶಕ್ತಿ ಬರುತ್ತದಂತೆ. ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ಒಳಗಿಟ್ಟ ಅನ್ನದುಂಡೆಯನ್ನು ಅವಳು ನನ್ನ ಬಾಯಿಗೆ ಇಡುತ್ತಿದ್ದಳು. ನಾನು ಅತ್ತರೆ, "ಅಳು, ಆದ್ರೆ ಕೈ ಆಡಿಸ್ತಾ ಅಳು" ಎನ್ನುತ್ತಿದ್ದಳು.

ಹದಿನೈದನೆಯ ದಿನ ಮೀನು ಮಾರುವವನು ಹೇಳಿದ್ದ ಮಾತಿನಂತೆ ಬುಟ್ಟಿಯಲ್ಲಿ ಮೀನು ಇಟ್ಟುಕೊಂಡು ಬಂದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಕೆಂಪು ಮೀನನ್ನು ನೋಡಿ ನನಗೆ ಸಿಟ್ಟು ಬಂತು. ಅವನ ಮೇಲೆ ಕೂಗಾಡಿದೆ. ಅವನದೇನೂ ತಪ್ಪಿರಲಿಲ್ಲ, ಇದನ್ನೂ ಬರೆದುಕೊಳ್ಳಿ. ಮೀನನ್ನು ಕಲ್ಲು ತೆಗೆಯುವವರಿಗೆ ಸಾರು ಮಾಡಿ ಹಾಕಿ ಎಂದೆ.

ಅದೇ ದಿನ ಮಧ್ಯಾಹ್ನದವರೆಗೆ ಒಳಗಿನಿಂದ ಬಡಿತ ಕೇಳುತ್ತಿತ್ತು. ಆಮೇಲೆ ನಿಂತಿತು. ಗೆನ್‌ಪಾಚಿಯ ಜನ ಸುತ್ತಿಗೆಯಲ್ಲಿ ಎಷ್ಟು ಸಲ ಬಡಿದರೂ ಉತ್ತರ ಬರಲಿಲ್ಲ. ಸಂಜೆ ಮತ್ತೆ ಸೂರು ಜಾರಿ ಕಲ್ಲು ತೆಗೆಯುತ್ತಿದ್ದ ಇಬ್ಬರ ಕಾಲು ಮುರಿಯಿತು. ಅವರನ್ನು ಹಲಗೆಯ ಮೇಲೆ ಹೊತ್ತು ನನ್ನ ಮುಂದೆಯೇ ಕೊಂಡೊಯ್ದರು. ಒಬ್ಬನು ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದ. ಕಲ್ಲು ತೆಗೆಯುವುದನ್ನು ನಿಲ್ಲಿಸಬೇಕೆಂದು ಉಸಾಮಿಯವರು ಅಪ್ಪಣೆ ಮಾಡಿದರು. ಆ ಅಪ್ಪಣೆ ತಪ್ಪು ಎಂದು ನಾನು ಹೇಳುವುದಿಲ್ಲ. ಕಾಲು ಮುರಿದವರಿಗೂ ಹೆಂಡತಿಯರಿದ್ದಾರೆ.

ಗೆನ್‌ಪಾಚಿ ಮಾತ್ರ ಅಧಿಕಾರಿಗಳ ಮುಂದೆ ನೆಲಕ್ಕೆ ಹಣೆ ಹಚ್ಚಿ ಇನ್ನೊಂದು ದಾರಿ ಹೇಳಿದ. ಮೇಲಿನ ಕಲ್ಲು ಮುಟ್ಟುವುದೇ ಬೇಡ, ನೀರಿನ ಕಾಲುವೆಯನ್ನೇ ಅಗಲ ಮಾಡಿಕೊಂಡು ಕೊಳವೆಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದರೆ, ಚಪ್ಪಡಿಗಳು ತಡೆದು ನಿಂತಿರುವುದರಿಂದ ಒಬ್ಬೊಬ್ಬರಾಗಿ ನುಸುಳಬಹುದು ಎಂದ. ಎಷ್ಟು ಹೊತ್ತು ಬೇಕು ಎಂದು ಉಸಾಮಿಯವರು ಕೇಳಿದರು. ಒಂದು ಹಗಲು, ಒಂದು ರಾತ್ರಿ ಎಂದ. ಹೆಣ ತರುವುದಕ್ಕೆ ಬದುಕಿದ ಮನುಷ್ಯರನ್ನು ಕಾಲುವೆಗೆ ತುರುಕಲು ಆಗುವುದಿಲ್ಲ ಎಂದು ಅವರು ಹೇಳಿದರು. ಗೆನ್‌ಪಾಚಿ ಎದ್ದು ಬಂದು ಇಲ್ಲಿ ಕಲ್ಲಿನ ಮೇಲೆ ಕೂತ. ಈಗಲೂ ಅಲ್ಲಿಯೇ ಕೂತಿದ್ದಾನೆ. ಅವನ ಜನರೂ ಗುದ್ದಲಿ ಹಿಡಿದುಕೊಂಡೇ ಕೂತಿದ್ದಾರೆ, ಮನೆಗೆ ಹೋಗಿಲ್ಲ.

ಇಂದು ಹದಿನಾರನೆಯ ದಿನ. ನಸುಕಿನಲ್ಲಿ ನಾನು ತಿರುಗಿಸುತ್ತಿದ್ದಾಗ ನಡೆದದ್ದು ಇದು. ಇದೇ ನನ್ನ ಅಹವಾಲಿನ ತಿರುಳು. ಇದನ್ನು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹಿಡಿಕೆ ನನ್ನ ಕೈಯಲ್ಲಿ ಹಗುರಾಯಿತು. ಆಮೇಲೆ ಭಾರವಾಯಿತು. ಇನ್ನೊಮ್ಮೆ ಹಗುರಾಗಿ, ಮತ್ತೆ ಭಾರವಾಯಿತು.

ಇದರ ಅರ್ಥ ಹೇಳಲು ಮನೆಯ ಮಾತನ್ನು ಆಡಬೇಕಾಗುತ್ತದೆ. ಕೊಳವೆಯ ಆ ತುದಿಯ ಬಾಯಿಯನ್ನು ಯಾರಾದರೂ ಅಂಗೈಯಿಂದ ಮುಚ್ಚಿದರೆ, ಗಾಳಿ ಮುಂದಕ್ಕೆ ಹೋಗಲಾರದೆ ಪೆಟ್ಟಿಗೆಯೊಳಗೇ ಸುತ್ತುತ್ತದೆ, ಆಗ ಇಲ್ಲಿ ಹಿಡಿಕೆ ಹಗುರಾಗುತ್ತದೆ. ಕೈ ತೆಗೆದರೆ ಮತ್ತೆ ಗಾಳಿಯನ್ನು ತಳ್ಳಬೇಕು, ಭಾರವಾಗುತ್ತದೆ. ತೊಮೆಕಿಚಿ ಇದನ್ನು ಆಕಸ್ಮಿಕವಾಗಿ ಕಂಡುಕೊಂಡು ನನ್ನನ್ನು ಕಾಡಿಸಲು ಬಳಸುತ್ತಿದ್ದ. ಹಸಿವಾದರೆ ಎರಡು ಸಲ ಮುಚ್ಚುತ್ತಿದ್ದ. ಆಗ ನಾನು ಅದಿರು ಹೊರುವವರ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದೆ. ಹಿಂದಿನ ದಿನ ಜಗಳವಾಡಿದ್ದರೆ ಮುಚ್ಚಿ ಮುಚ್ಚಿ ತೆಗೆಯುತ್ತಿದ್ದ, ನನ್ನ ಕೈ ನಗುವಂತೆ. ಅವನ ಜೊತೆಯವರು ಉಸಿರು ಕಟ್ಟಿ ಬೈಯುತ್ತಿದ್ದರು. ಗೆನ್‌ಪಾಚಿಗೆ ಗೊತ್ತಾಗಿ ಒಂದು ಸಲ ಇಲ್ಲಿಗೆ ಬಂದು, "ಅಲ್ಲ ಕಣಕ್ಕ, ನಿಮ್ಮ ಗಂಡ ಹೆಂಡ್ರ ಸರಸಕ್ಕೆ ನಮ್ ಹುಡ್ರು ಪ್ರಾಣ ಬಿಡ್ಬೇಕೇನು?" ಎಂದು ಗದರಿದ. ತೊಮೆಕಿಚಿ ಎರಡು ದಿನ ನಿಲ್ಲಿಸಿ ಮೂರನೆಯ ದಿನ ಮತ್ತೆ ಶುರು ಮಾಡಿದ. ಈ ಮಾತು ನಿಜವೋ ಸುಳ್ಳೋ ಎಂದು ಗೆನ್‌ಪಾಚಿಯನ್ನು ಕೇಳಬಹುದು. ಕೇಳಲಾಗಿ, ನಿಜ ಎಂದು ಅವನು ಕೂತಲ್ಲಿಂದಲೇ ಹೇಳಿದ್ದಾನೆ.

ನಸುಕಿನಲ್ಲಿ ನಾನು ಕಿರುಚಿಕೊಂಡೆ. ಗೆನ್‌ಪಾಚಿ ಓಡಿ ಬಂದು ಹಿಡಿಕೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿದ. ಅವನ ಕೈಗೆ ಏನೂ ಆಗಲಿಲ್ಲ. "ನನ್ ಕೈ ಒರಟು ಕಣಕ್ಕ, ನಂಗೆ ತಿಳೀವಲ್ದು" ಎಂದು ಅತ್ತ. ಆಮೇಲೆ ಓಕಾನೆ ಅಜ್ಜಿ ತಿರುಗಿಸಿದಳು. ಅವಳಿಗೂ ಆಗಲಿಲ್ಲ. ಆಮೇಲೆ ಈ ಹೊತ್ತಿನವರೆಗೆ ನನಗೂ ಮತ್ತೆ ಆಗಿಲ್ಲ. ಇದು ನನ್ನ ಅಹವಾಲಿಗೆ ಹಾನಿ ಎಂದು ಗೊತ್ತು. ಆದರೂ ಆಗದ್ದನ್ನು ಆಯಿತು ಎಂದು ಹೇಳಲಾರೆ.

ಬೆಳಗಿನ ಗಂಟೆಗೆ ಉಸಾಮಿಯವರು ಜನರೊಂದಿಗೆ ಬಂದು ಪೆಟ್ಟಿಗೆ ಬಿಚ್ಚಲು ಹೇಳಿದರು. ನಾನು ಹಿಡಿಕೆ ಹಗುರಾದ ಸಂಗತಿ ಹೇಳಿದೆ. ಎರಡು ದಿನದಿಂದ ಮಳೆ ಬಿದ್ದು ಮರ ಉಬ್ಬಿದೆ, ಉಬ್ಬಿದ ಚಕ್ರ ಒಮ್ಮೆ ಹಿಡಿಯುತ್ತದೆ ಒಮ್ಮೆ ಬಿಡುತ್ತದೆ, ನಿದ್ದೆಗೆಟ್ಟ ಹೆಂಗಸಿಗೆ ಅದೇ ಗಂಡನ ಕೈ ಅನ್ನಿಸುತ್ತದೆ ಎಂದು ಅವರು ಹೇಳಿದರು. ಹಾಗೆ ಇರಲೂಬಹುದು. ನಾನು ನಿದ್ದೆಗೆಟ್ಟಿರುವುದು ನಿಜ, ಮರ ಉಬ್ಬಿರುವುದೂ ನಿಜ. "ಒಂದೇ ಒಂದು ಸಲ ಹಿಡ್ಕಂಡು ನೋಡಿ ದಣೀ" ಎಂದೆ. "ನಾನೇನು ಭತ್ತ ತೂರೋನಾ?" ಎಂದರು. ಹಗ್ಗ ಹಿಡಿದವರು ನಕ್ಕರು. ಅವರಲ್ಲಿ ಒಬ್ಬ ನಗಲಿಲ್ಲ, ಅವನ ಅಣ್ಣ ಒಳಗಿದ್ದಾನೆ.

ಉಸಾಮಿಯವರು ಕೆಟ್ಟವರೆಂದು ನಾನು ಬರೆಸುತ್ತಿಲ್ಲ. ಅವರು ನನಗೆ ಸಮಾಧಾನದಲ್ಲಿಯೇ ಹೇಳಿದರು: "ನೋಡಮ್ಮಾ, ಮೇಲಿನ ಗಣೀಲಿ ನಲವತ್ತು ಜನ ಗಾಳಿ ಇಲ್ದೆ ಕೈಕಟ್ಟಿ ಕೂತವ್ರೆ. ಇರೋದು ಒಂದೇ ಪೆಟ್ಟಿಗೆ. ಎದೊ ಸರ್ಕಾರದಿಂದ ತನಿಖೆಯವರು ಬರ್ತಾ ಇದಾರೆ. ಸತ್ತವರಿಗೆ ಗಾಳಿ ಹಾಕ್ತಾ ಕೂತಿದ್ದೆ ಅಂತ ನಾನು ಹೇಳ್ಲಾ? ನಾಳೆ ಆ ನಲವತ್ತು ಮನೇಲಿ ಒಲೆ ಹಚ್ಚಬೇಕಲ್ಲ?" ನಲವತ್ತು ದೊಡ್ಡದು, ಐದು ಚಿಕ್ಕದು. ಆದರೆ ಆ ನಲವತ್ತು ಜನ ಬೆಳಕಿನಲ್ಲಿ ಕೂತಿದ್ದಾರೆ.

ಆಮೇಲೆ ಅವರು, ಕೂಲಿ ಪಡೆಯುವ ಯಾರೂ ಈ ಪೆಟ್ಟಿಗೆಯ ಹಿಡಿಕೆ ಮುಟ್ಟಬಾರದು, ಮುಟ್ಟಿದವರಿಗೆ ಈ ಬೆಟ್ಟದಲ್ಲಿ ಕೆಲಸವಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಸರದಿಯಲ್ಲಿದ್ದ ಆ ಇಬ್ಬರು ಹೆಂಗಸರು ತಲೆ ತಗ್ಗಿಸಿ ಹೋದರು, ಅವರಿಗೆ ಕೈಗೂಸುಗಳಿವೆ. ಓಕಾನೆ ಅಜ್ಜಿ, "ನಂಗೇನು, ನಾನು ಇವತ್ತೋ ನಾಳೆಯೋ" ಎಂದು ಮುಂದೆ ಬಂದಳು. ಅವಳ ಮೊಮ್ಮಗ ಮೇಲಿನ ಗಣಿಯಲ್ಲಿ ಅದಿರು ಹೊರುತ್ತಾನೆ, ಅವನ ಕೆಲಸವೂ ಹೋಗುತ್ತದೆ. ಬೇಡ ಅಜ್ಜಿ ಎಂದೆ. ನಾನು ಹಿಡಿಕೆ ಬಿಡಲಿಲ್ಲವಾದ್ದರಿಂದ ನನ್ನನ್ನು ಕೆಲಸದಿಂದ ತೆಗೆದರು. ಕೆಲಸದಿಂದ ತೆಗೆದ ಮೇಲೆ ನಾನು ಕೂಲಿ ಪಡೆಯುವವಳಲ್ಲ, ಅಪ್ಪಣೆ ನನಗೆ ತಾಗುವುದಿಲ್ಲ ಎಂದೆ. ನನ್ನನ್ನು ಹಿಡಿದೆಳೆಯಲು ಹೇಳಿದಾಗ, "ದೂರು ಇದೆ, ದೂರು ಬರ್ಕೊಳ್ಳಿ" ಎಂದು ಕೂಗಿದೆ. ಕಚೇರಿ ಬಾಗಿಲ ಹಲಗೆಯ ಮಾತು ಆಗ ನೆನಪಾದದ್ದು. ಅದಕ್ಕೆ ಮುಂಚೆ ನಾನು ಯಾರ ಮೇಲೂ ದೂರು ಕೊಟ್ಟವಳಲ್ಲ.

ಆಗಿನಿಂದ, ಎಂದರೆ ಇಂದು ಬೆಳಗಿನಿಂದ, ನಾನೊಬ್ಬಳೇ ತಿರುಗಿಸುತ್ತಿದ್ದೇನೆ. ಎಡ ಮಣಿಕಟ್ಟು ಊದಿದೆ. ಬಲ ಅಂಗೈಯ ಚರ್ಮ ಹೋಗಿದೆ, ಹಿಡಿಕೆಗೆ ಬಟ್ಟೆ ಸುತ್ತಿಕೊಂಡಿದ್ದೇನೆ. ಇದು ದೂರಲ್ಲ, ಕೇಳಿದ್ದಕ್ಕೆ ಹೇಳಿದೆ.

ಇನ್ನೂ ಇದೆ. ಒಳಗೆ ದೀಪಕ್ಕೆಂದು ಅವರು ಚಿಪ್ಪಿನಲ್ಲಿ ಎಣ್ಣೆ ಒಯ್ಯುತ್ತಾರೆ, ಅದು ಅರ್ಧ ದಿನಕ್ಕೆ ಸಾಕು. ಈಗ ಅಲ್ಲಿ ಕತ್ತಲೆ. ತೊಮೆಕಿಚಿಗೆ ಕತ್ತಲೆಯ ಭಯವಿದೆ. ಗಣಿಯವನಿಗೆ ಕತ್ತಲೆಯ ಭಯವೇ ಎಂದು ನಗುತ್ತಾರೆಂದು ಯಾರಿಗೂ ಹೇಳಿಲ್ಲ. ಮನೆಯಲ್ಲಿ ದೀಪ ಆರಿಸಿದ ಮೇಲೆ ನನ್ನ ತೋಳು ಹಿಡಿದುಕೊಂಡು ಮಲಗುತ್ತಾನೆ. ಇದನ್ನು ಹೇಳಿದ್ದಕ್ಕೆ ಹೊರಗೆ ಬಂದ ಮೇಲೆ ನನ್ನನ್ನು ಬೈಯಬಹುದು. ಬೈಯಲಿ.

ಆ ಕತ್ತಲೆಯಲ್ಲಿ ಕೊಳವೆಯ ಬಾಯಿಯಿಂದ ಸ್ವಲ್ಪ ತಣ್ಣನೆಯ ಗಾಳಿ ಬರುತ್ತಿದೆ ಎಂದರೆ ಹೊರಗೆ ಯಾರೋ ತಿರುಗಿಸುತ್ತಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ನಿಂತರೆ, ನಿಲ್ಲಿಸಿದರು ಎಂಬುದೂ ಗೊತ್ತಾಗುತ್ತದೆ. ನನಗೆ ಭಯವಾಗುವುದು ಇದಕ್ಕೇ. ಗಾಳಿ ಸಾಲದೆ ಸಾಯುವುದು ಬೇರೆ. ನಾವು ಕೈಬಿಟ್ಟೆವೆಂದು ತಿಳಿದು ಕತ್ತಲೆಯಲ್ಲಿ ಕೂತಿರುವುದು ಬೇರೆ.

ನನ್ನ ಬೇಡಿಕೆ ಇಷ್ಟು: ಗೆನ್‌ಪಾಚಿ ಕೇಳಿದ ಒಂದು ಹಗಲು ಒಂದು ರಾತ್ರಿಯನ್ನು ಅವನಿಗೆ ಕೊಡಬೇಕು. ಅಷ್ಟು ಹೊತ್ತು ಪೆಟ್ಟಿಗೆಯನ್ನು ಬಿಚ್ಚಬಾರದು. ಆಮೇಲೆ ನಲವತ್ತು ಜನರಿಗೂ ನಾನೇ ಕೂಲಿಯಿಲ್ಲದೆ ತಿರುಗಿಸುತ್ತೇನೆ.

ಮುಗಿಯಿತೇ ಎಂದು ಉಸಾಮಿಯವರು ಕೇಳುತ್ತಿದ್ದಾರೆ. ಮುಗಿದಿಲ್ಲ. ನಮ್ಮ ಮನೆಯ ಸೂರು ಪಶ್ಚಿಮದ ಕಡೆ ಸೋರುತ್ತದೆ. ಅಕ್ಕಿಹೆಂಡದ ಅಂಗಡಿಯವನು ಹೆಂಡಕ್ಕೆ ನೀರು ಬೆರೆಸುತ್ತಾನೆ, ಅದನ್ನೂ ವಿಚಾರಿಸಬೇಕು. ಹೋದ ಬೇಸಿಗೆಯಲ್ಲಿ ತೊಮೆಕಿಚಿ ನನಗೆ ಒಂದು ಬಾಚಣಿಗೆ ತಂದುಕೊಟ್ಟ, ಹಲ್ಲು ಒಂದು ಮುರಿದಿತ್ತು, ಅದಕ್ಕೇ ಅಗ್ಗವಾಗಿ ಸಿಕ್ಕಿತು ಎಂದ. ಮಾತು ಮುಗಿಯಬಾರದು ಎಂದು ಯೋಚಿಸುತ್ತಿದ್ದೇನೆ, ಏನೂ ಹೊಳೆಯುತ್ತಿಲ್ಲ. ಆರು ವರ್ಷ ಅಷ್ಟು ಮಾತಾಡಿದ್ದೇವೆ, ಒಂದೂ ನೆನಪಾಗುತ್ತಿಲ್ಲ. ಬೇರೆ ಹೇಳುವುದೇನೂ ನನ್ನಲ್ಲಿ ಉಳಿದಿಲ್ಲ. ಬರೆದದ್ದನ್ನು ನನಗೆ ಓದಿ ಹೇಳಬೇಕು. ನಿಧಾನವಾಗಿ ಓದಬೇಕು.

ಗುಮಾಸ್ತನ ಟಿಪ್ಪಣಿ: ಮೇಲೆ ಬರೆದಿರುವುದನ್ನು ಹೇಳಿದವಳಿಗೆ ಓದಿ ಹೇಳಿದ್ದೇನೆ. ಆಕೆಯ ಕೋರಿಕೆಯಂತೆ ಇನ್ನೊಮ್ಮೆ ಓದಿದ್ದೇನೆ. ಮೂರನೆಯ ಸಲ ಕೇಳಿದಾಗ ಉಸಾಮಿಯವರು ಸಾಕು ಎಂದರು. ಇದರಲ್ಲಿರುವುದು ತಾನು ಆಡಿದ್ದೇ, ಸೇರಿಸಿದ್ದಾಗಲಿ ಬಿಟ್ಟಿದ್ದಾಗಲಿ ಇಲ್ಲ ಎಂದು ಆಕೆ ಒಪ್ಪಿದ್ದಾಳೆ. ಓದು ಬಾರದ ಹೆಂಗಸಾದ್ದರಿಂದ ಪದ್ಧತಿಯಂತೆ ಬಲಗೈ ಹೆಬ್ಬೆರಳ ಉಗುರನ್ನು ಮಸಿಯಲ್ಲಿ ಅದ್ದಿ ಒತ್ತಬೇಕಾಗಿತ್ತು. ಆಕೆ ಬಲಗೈ ತೆಗೆದರೆ ಚಕ್ರ ನಿಲ್ಲುತ್ತಿತ್ತು, ಎಡಗೈ ಕೆಲಸಕ್ಕೆ ಬರುವಂತಿರಲಿಲ್ಲ. ಗುರುತು ಹಾಕದೆ ಹೇಳಿಕೆ ಮುಗಿದಂತಾಗುವುದಿಲ್ಲ, ಹೇಳಿಕೆ ಮುಗಿಯದೆ ಪೆಟ್ಟಿಗೆಯನ್ನು ನಿಲ್ಲಿಸುವಂತಿಲ್ಲ. ಕೂಲಿಯವರಿಗೆ ಮುಟ್ಟಲು ಅಪ್ಪಣೆಯಿಲ್ಲ. ನಾನು ಕೂಲಿಯವನಲ್ಲ, ಸಂಬಳದವನು. ಆದ್ದರಿಂದ ಆಕೆ ಗುರುತು ಹಾಕುವಷ್ಟು ಹೊತ್ತು ಹಿಡಿಕೆಯನ್ನು ನಾನು ತಿರುಗಿಸಿದೆ.

ತಿರುಗಿಸುತ್ತಿದ್ದಾಗ ಹಿಡಿಕೆ ನನ್ನ ಕೈಯಲ್ಲಿ ಹಗುರಾಯಿತು, ಮತ್ತೆ ಭಾರವಾಯಿತು. ಇನ್ನೊಮ್ಮೆ ಹಗುರಾಯಿತು, ಭಾರವಾಯಿತು. ನಾನು ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೇನೆ. ನನ್ನ ಸಂಬಂಧಿಕರು ಯಾರೂ ಒಳಗಿಲ್ಲ. ಇದನ್ನು ತಿಳಿಸಿದಾಗ ಹೇಳಿಕೆ ಕೊಟ್ಟವಳು ಮಸಿ ಹತ್ತಿದ ಬೆರಳನ್ನು ಹಾಗೆಯೇ ಹಿಡಿದುಕೊಂಡು, "ಹಸಿವಂತೆ, ಮುಂಡೇದಕ್ಕೆ" ಎಂದು ಹೇಳಿ ನೆಲದ ಮೇಲೆ ಕುಳಿತುಬಿಟ್ಟಳು. ಉಸಾಮಿಯವರು ಎದ್ದು ಬಂದು, ಅಂಗಿಯ ತೋಳನ್ನು ಮೇಲೆ ಕಟ್ಟಿ, ನನ್ನ ಕೈಯಿಂದ ಹಿಡಿಕೆ ತೆಗೆದುಕೊಂಡು ತಿರುಗಿಸಿದರು. ಆಮೇಲೆ ತಲೆಯೆತ್ತದೆ, ಗೆನ್‌ಪಾಚಿ ಯಾಕೆ ಇನ್ನೂ ಕೂತಿದ್ದಾನೆ ಎಂದು ಕೇಳಿದರು. ಮೇಸ್ತ್ರಿ ಮತ್ತು ಅವನ ಜನ ಗುದ್ದಲಿಗಳೊಂದಿಗೆ ಕಾಲುವೆಗೆ ಇಳಿದಿದ್ದಾರೆ. ಹಗ್ಗ ಹಿಡಿದು ಬಂದಿದ್ದ ನಾಲ್ವರೂ ಅವರ ಹಿಂದೆ ಹೋಗಿದ್ದಾರೆ.

ಸ್ಥಳ: ಕುರೊತಾನಿ, ಗಣಿಯ ಬಾಯಿ, ಹುಲ್ಲುಹಗ್ಗದ ಈಚೆ.
ಅನ್ಸೆಯಿ ಐದನೆಯ ವರ್ಷ, ಒಂಬತ್ತನೆಯ ತಿಂಗಳು, ಹದಿನಾರನೆಯ ದಿನ, ಮಧ್ಯಾಹ್ನದ ಗಂಟೆಯ ನಂತರ.

ಹೇಳಿಕೆ ಕೊಟ್ಟವಳು: ಓಶಿನೊ (ಉಗುರು ಗುರುತು).
ಬರೆದವನು: ಹಯಾಮಿ.
ಎದುರಿನಲ್ಲಿದ್ದ ಅಧಿಕಾರಿ: ಉಸಾಮಿ ಮೊಂಜಿರೊ. ಸದ್ಯ ಕೈ ತೆರವಿಲ್ಲದ ಕಾರಣ ರುಜುವನ್ನು ನಾಳೆ ಪಡೆಯತಕ್ಕದ್ದು.